ನಾನು ಬರೆದ ಅರ್ಜಿ, ಅವಳು ಬರೆದ ಹತ್ತು ಸಾಲು

ಈ ವಯಸ್ಸಿನಲ್ಲಿ ಮತ್ತೊಮ್ಮೆ ಕಾಲೇಜು ಹುಡುಕುವ ಕೆಲಸ ನನ್ನ ಪಾಲಿಗೆ ಬರುತ್ತದೆ ಎಂದುಕೊಂಡಿರಲಿಲ್ಲ. ಹನ್ನೆರಡನೇ ಇಯತ್ತೆ ಮುಗಿಸಿದ ಮೊಮ್ಮಗಳು ಜರ್ನಲಿಸಂ ಓದುತ್ತೇನೆಂದು ಹಟ ಹಿಡಿದಳು. ಅಕ್ಕಲಕೋಟೆಯಲ್ಲಿ ಗುಮಾಸ್ತನಾಗಿರುವ ನನ್ನ ಮಗ ಊಟದ ತಟ್ಟೆಯಿಂದ ತಲೆ ಎತ್ತದೆಯೇ ಹೇಳಿದ: "ಅವ್ವಾ, ನೀ ಕಾನ್ವೆಂಟಿನ್ಯಾಕಿ, ನೀನ ನೋಡು. ನನ್ನ ಪಗಾರದಾಗ ಕೂಡಬೇಕು, ಕಲಿಸೂದೂ ಚಲೋ ಇರಬೇಕು. ಹಂಗ ಸಿಕ್ಕರ ಓದಲಿ. ಇಲ್ಲಂದ್ರ ಸುಮ್ಮ ಬಿ.ಕಾಂ."

ಬಿ.ಕಾಂ. ಎಂದ ಕೂಡಲೇ ಹುಡುಗಿಯ ಮುಖ ಬಿದ್ದುಹೋಯಿತು. ಹಾಗೆ ಬಿದ್ದ ಮುಖವನ್ನು ನಾನು ಬಲ್ಲೆ. ಬೋರ್ಡಿಂಗಿನಿಂದ ಮನೆಗೆ ಬಂದ ವರ್ಷ, ಪೇಪರಿನಲ್ಲಿ ಕೆಲಸ ಮಾಡುತ್ತೇನೆಂದು ನಾನೂ ನಮ್ಮ ಅಪ್ಪನೆದುರು ಬಾಯಿ ತೆರೆದಿದ್ದೆ. ಅಪ್ಪ ಬೈಯಲಿಲ್ಲ, ನಕ್ಕರು. ಆಮೇಲೆ ನನ್ನ ಜರ್ನಲಿಸಂ ಎಂದರೆ ಸಂಪಾದಕರಿಗೆ ಬರೆದ ಲೆಟರ್ಸು, ಅಷ್ಟೇ. ಅಚ್ಚಾದವು ಎರಡು.

ಕಡೆಗೆ ಎರಡು ಕೋರ್ಸು ಉಳಿದವು. ಒಂದು ಪುಣೆಯದು, ಸೊಲ್ಲಾಪುರದಲ್ಲಿ ಅವರ ಆಫೀಸಿತ್ತು. ಇನ್ನೊಂದು ಸೊಲ್ಲಾಪುರದ್ದೇ ಹಳೆಯ ಕಾಲೇಜಿನದು. ನನಗೆ ಗೊತ್ತಿದ್ದ ಪರೀಕ್ಷೆ ಒಂದೇ: ಪೆನ್ಸಿಲ್ ಹಿಡಿದು ಇಬ್ಬರ ಇಂಗ್ಲಿಷನ್ನೂ ಓದಿದೆ. ಪುಣೆಯ ಬ್ರೋಶರಿನಲ್ಲಿ ಒಂದು ಕಾಮಾ ಕೂಡ ತಪ್ಪಿರಲಿಲ್ಲ. ಹಳೆಯ ಕಾಲೇಜಿನ ಒಂದು ಹಾಳೆಯ ಲೀಫ್ಲೆಟ್ಟಿನಲ್ಲಿ ನಾಲ್ಕು ಸ್ಪೆಲಿಂಗ್ ಮಿಸ್ಟೇಕು. ಫೀ ಮಾತ್ರ ಉಲ್ಟಾ. ಪುಣೆಯ ಒಂದು ಟರ್ಮಿನ ಫೀಯಲ್ಲಿ ಹಳೆಯ ಕಾಲೇಜಿನ ಮೂರೂ ವರ್ಷ ಮುಗಿಯುತ್ತಿದ್ದವು.

ಎರಡೂ ಕಡೆ ಅರ್ಜಿಯ ಜೊತೆ 'ನಾನು ಪತ್ರಕರ್ತೆ ಏಕೆ ಆಗಬೇಕು' ಎಂಬ ಒಂದು ಪುಟದ ಎಸ್ಸೆ ಕೊಡಬೇಕಿತ್ತು. ಅವಳು ಮನೆಯಲ್ಲಿ ಕನ್ನಡ ಮಾತಾಡಿ, ಮರಾಠಿ ಶಾಲೆಯಲ್ಲಿ ಕಲಿತು, ಇಂಗ್ಲಿಷನ್ನು ಮೊಬೈಲಿನಲ್ಲಿ ನೋಡಿದವಳು. ಬರೆದುಕೊಂಡು ಬಂದಿದ್ದನ್ನು ಓದಿದೆ. ಒಂದೇ ವಾಕ್ಯದಲ್ಲಿ ಮೂರು ಭಾಷೆ. "ಛೀ, ಇದನ್ನ ಕೊಟ್ಟರ ಹೊರಗ ಹಾಕ್ತಾರ," ಎಂದು ಅವಳ ಕಾಗದವನ್ನು ಪಕ್ಕಕ್ಕೆ ಸರಿಸಿ ನಾನೇ ಕೂತು ಬರೆದೆ. ಸಿಸ್ಟರ್ ಕಲಿಸಿದ ಓರೆ ಅಕ್ಷರ, ಮಾರ್ಜಿನ್ ಬಿಟ್ಟು. 'ಫ್ರಮ್ ಮೈ ಟೆಂಡರ್ ಇಯರ್ಸ್' ಎಂದು ಶುರು. ಬರೆಯುತ್ತ ಬರೆಯುತ್ತ ಬೆನ್ನುನೋವು ಕೂಡ ಮರೆತಿದ್ದೆ. ಅವಳು ಮೊದಲ ಸಾಲಷ್ಟೇ ನೋಡಿ ಕೆಳಗೆ ಸಹಿ ಮಾಡಿದಳು.

ಅರ್ಜಿಗೆ ಕಡೆಯ ದಿನ ಶುಕ್ರವಾರ. ಅಂದೇ ಇಬ್ಬರೂ ಬೆಳಗಿನ ಎಸ್ಟಿ ಬಸ್ಸು ಹಿಡಿದೆವು. ದಾರಿಯಲ್ಲಿ ಕುಂಭಾರಿ ಬರುವಷ್ಟರಲ್ಲಿ ನನ್ನ ಮೊಣಕಾಲು ಮಾತಾಡತೊಡಗಿತ್ತು.

ಪುಣೆಯವರ ಆಫೀಸಿನಲ್ಲಿ ಎಸಿ, ಕಾಫಿ, ಇಂಗ್ಲಿಷ್ ಮಾತಾಡುವ ಹುಡುಗಿ. ಎಸ್ಸೆಯನ್ನು ಅವಳು ಓದಲೇ ಇಲ್ಲ, "ಬ್ಯೂಟಿಫುಲ್" ಎಂದು ಫೈಲಿಗೆ ಸೇರಿಸಲು ಹೊರಟಳು. ಮೊಮ್ಮಗಳು ಕೇಳಿದಳು, "ನಿಮ್ಮ ಸ್ಟೂಡೆಂಟ್ಸ್ ಬರದದ್ದು ಏನರ ತೋರಸ್ತೀರೇನ್ರಿ?" ಆ ಹುಡುಗಿ ಸ್ಟುಡಿಯೋದ ವಿಡಿಯೋ ತೋರಿಸಿದಳು. ದೊಡ್ಡ ಕ್ಯಾಮೆರಾ, ಅದರ ಮೇಲೆ ಇನ್ನೂ ಪ್ಲಾಸ್ಟಿಕ್ ಹೊದಿಕೆ. ಇಂದೇ ಅಡ್ವಾನ್ಸ್ ಕಟ್ಟಿದರೆ ಸೀಟು ಪಕ್ಕಾ ಎಂದಳು. ಸಂಜೆ ಬರುತ್ತೇವೆಂದು ಅರ್ಜಿ ವಾಪಸು ತೆಗೆದುಕೊಂಡು ಎದ್ದೆವು.

ಹಳೆಯ ಕಾಲೇಜಿನಲ್ಲಿ ಜರ್ನಲಿಸಂ ವಿಭಾಗ ಎರಡನೇ ಮಹಡಿಯಲ್ಲಿ. ಲಿಫ್ಟ್ ಎಲ್ಲಿಯದು? ಪ್ರತಿ ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಂಡೆ. ಮೇಲೆ ಒಂದೇ ಕೋಣೆ. ಅಲ್ಲಿದ್ದ ಸರ್ ಬಿಳಿ ತಲೆಯವರು, ಜಿಲ್ಲೆಯ ಪೇಪರುಗಳ ಡೆಸ್ಕಿನಲ್ಲಿ ಕೂತೂ ಕೂತೂ ಬೆನ್ನು ಬಾಗಿದವರು. ಮೊದಲು ಮರಾಠಿಯಲ್ಲಿ ಶುರು ಮಾಡಿ, ನಾವಿಬ್ಬರೂ ಪಿಸುಗುಟ್ಟಿದ್ದು ಕೇಳಿ ಕನ್ನಡಕ್ಕೆ ತಿರುಗಿದರು. ಮೇಜಿನ ಮೇಲೆ ವಿದ್ಯಾರ್ಥಿಗಳೇ ವಾರವಾರ ತರುವ ನಾಲ್ಕು ಪುಟದ ಪೇಪರಿನ ಕಟ್ಟು ಇತ್ತು. ಮೊಮ್ಮಗಳ ಕೈ ತಾನಾಗಿ ಅತ್ತ ಹೋಯಿತು.

ಸರ್ ನನ್ನ ಎಸ್ಸೆಯನ್ನು ಪೂರ್ತಿ ಓದಿದರು, ನಿಧಾನವಾಗಿ. ಕನ್ನಡಕ ತೆಗೆದರು.

"ಹದಿನೆಂಟರ ಹುಡಿಗಿ 'ಟೆಂಡರ್ ಇಯರ್ಸ್' ಅಂತ ಬರಿಯೂದಿಲ್ರಿ, ಬಾಯಾರ. ಅಡ್ಮಿಷನ್ ಇಕಿಗೆ ಬೇಕೋ, ನಿಮಗ ಬೇಕೋ?"

ಕೋಣೆಯಲ್ಲಿದ್ದ ಇಬ್ಬರು ವಿದ್ಯಾರ್ಥಿಗಳು ನಕ್ಕರು. ನನಗೆ ನಗು ಬರಲಿಲ್ಲ. ಅವಳ ಸೀಟನ್ನು ನಾನೇ ಕೈಯಾರೆ ಕಳೆದೆನಲ್ಲ!

"ತಪ್ಪು ನಂದ್ರಿ. ಅಕಿಗೆ ಶಿಕ್ಷಾ ಕೊಡಬ್ಯಾಡ್ರಿ," ಎಂದೆ.

"ಶಿಕ್ಷಾ ಕೊಡೂದೇ ನಮ್ಮ ಕೆಲಸ," ಎಂದು ಅವರು ಅವಳ ಕೈಗೆ ಬಿಳಿ ಹಾಳೆ ಕೊಟ್ಟರು. "ಗೇಟಿಗೆ ಹೋಗು. ಯಾರನ್ನಾರ ಮಾತಾಡ್ಸು. ಅರ್ಧಾ ತಾಸಿನ್ಯಾಗ ಹತ್ತ ಸಾಲು. ಯಾವ ಭಾಷಾದಾಗರ ಬರಿ, ಆದ್ರ ನೀನ ಬರಿ."

ಅವಳು ಓಡಿದಳು. ನಾನು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಗೇಟಿನ ಪಕ್ಕ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುವ ಹೆಂಗಸಿನ ಎದುರು ಕುಕ್ಕರಗಾಲಿನಲ್ಲಿ ಕೂತಳು. ಆ ಹೆಂಗಸು ಮೊದಲು ಮುಖ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಕೈ ಆಡಿಸಿ ಮಾತಾಡತೊಡಗಿದಳು.

ಮೊಮ್ಮಗಳು ಏದುಸಿರು ಬಿಡುತ್ತ ಬಂದು ಹಾಳೆ ಕೊಟ್ಟಳು. ಹೆಂಗಸು ಕರಜಗಿಯವಳು; ಅವಳು ಬರುವ ಬೆಳಗಿನ ಬಸ್ಸು ತಡವಾಗತೊಡಗಿದ ಮೇಲೆ ನಾಷ್ಟಾದ ಗಿರಾಕಿಗಳು ತಪ್ಪಿ ಅರ್ಧ ರೊಟ್ಟಿ ಉಳಿಯುತ್ತಿವೆ; ಅವನ್ನು ತಿಂದು ತಿಂದು ಮನೆಯವರಿಗೆ ಸಾಕಾಗಿದೆ. ಬರವಣಿಗೆ ಮರಾಠಿಯಲ್ಲಿ, ಹೆಂಗಸಿನ ಮಾತು ಮಾತ್ರ ಕನ್ನಡದಲ್ಲಿ, ಆಡಿದಂತೆಯೇ.

"ಹೆಸರೇನು ಅಕಿದು?" ಸರ್ ಕೇಳಿದರು.

ಹುಡುಗಿ ನಾಲಿಗೆ ಕಚ್ಚಿಕೊಂಡಳು.

"ಹೋಗು, ಕೇಳಿಕೊಂಡ ಬಾ. ಬಸ್ಸಿನ ಟಾಯಿಮೂ ಡೆಪೋದಾಗ ವಿಚಾರಸ್ಬೇಕಾಗ್ತದ, ಅದು ನಾಳೆ." ಅವಳು ಮತ್ತೆ ಮೆಟ್ಟಿಲಿಳಿದ ಮೇಲೆ ನನ್ನ ಕಡೆ ತಿರುಗಿದರು. "ಕನ್ನಡದಾಗ ಕೇಳಿ ಮರಾಠಿದಾಗ ಬರಿಯೋರು ನಮಗ ಸಿಗೂದಿಲ್ರಿ. ಇಂಗ್ಲಿಷ್ ಕಲಸೂಣು, ಅದೇನ್ ದೊಡ್ಡದು."

"ಮತ್ತ ನಿಮ್ಮ ಲೀಫ್ಲೆಟ್ಟಿನ್ಯಾಗ ನಾಕ ತಪ್ಪು ಅದಾವಲ್ರಿ?" ಸೋತ ಮೇಲೂ ಬಾಯಿ ಸುಮ್ಮನಿರಲಿಲ್ಲ.

"ಐದ್ರಿ. ಫಸ್ಟ್ ಇಯರಿನವರು ಮಾಡ್ಯಾರ. ಅವರ ಕಡಿಂದನ ತಿದ್ದಸ್ತೀನಿ."

ಐದನೆಯದು ಎಲ್ಲಿದೆ ಎಂದು ಇವತ್ತಿಗೂ ನನಗೆ ಸಿಕ್ಕಿಲ್ಲ.

ಅವರು ಅರ್ಜಿಯ ಮೇಲೆ ಸಹಿ ಹಾಕಿದರು. ಕೌಂಟರಿನ ಗುಮಾಸ್ತ ಆದಾಯದ ದಾಖಲೆ ಕೇಳಿದ, ಝೆರಾಕ್ಸ್ ಕೇಳಿದ, ಮತ್ತೊಂದು ಝೆರಾಕ್ಸ್ ಕೇಳಿದ. ಎರಡು ಸಲ ರಸ್ತೆ ದಾಟಿದೆವು. ಕಡೆಗೆ ಹತ್ತು ಸಾಲಿನ ಹಾಳೆಯನ್ನು ಅರ್ಜಿಗೆ ಪಿನ್ ಮಾಡಿ, ನನ್ನ ಪುಟವನ್ನು ಕಿಂಡಿಯಿಂದ ಹೊರಗೆ ತಳ್ಳಿದ. "ಇದು ಬ್ಯಾಡ್ರಿ."

ತಿರುಗಿ ಬರುವಾಗ ಬಸ್ಸು ತುಂಬಿತ್ತು, ಸೆಕೆ ಬೇರೆ. ಪುಣೆಯವರ ಆಫೀಸಿನತ್ತ ಹೋಗದೆ ನೇರ ಸ್ಟ್ಯಾಂಡಿಗೆ ಬಂದಿದ್ದೆವು. ಪರ್ಸಿನಿಂದ ಆ ಪುಟ ತೆಗೆದು ಎರಡು ಮಡಿಕೆ ಮಾಡಿ ಗಾಳಿ ಬೀಸಿಕೊಂಡೆ.

"ಕಡೀಕ ಉಪಯೋಗಕ್ಕ ಬಂತ ನೋಡು, ಆಯಿ," ಎಂದಳು ಮೊಮ್ಮಗಳು. ಆಮೇಲೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಕೆ ಬಿಚ್ಚಿ, ಮೊದಲ ಸಲ ಪೂರ್ತಿ ಓದತೊಡಗಿದಳು. ನಾನು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದೆ.

"ಆಯಿ," ಕುಂಭಾರಿ ದಾಟಿದ ಮೇಲೆ ಕೇಳಿದಳು, "ಆವಾಗ ನಿನ್ನ ಪೇಪರಿನ ಕೆಲಸಕ್ಕ ಯಾಕ ಕಳಸ್ಲಿಲ್ಲ?"

ಹೇಳಬಹುದಿತ್ತು. ಬಹಳ ದಣಿದಿದ್ದೆ. "ಮನೀಗೆ ಹೋದ ಮ್ಯಾಲ ಹೇಳ್ತೀನಿ," ಎಂದೆ. ಅವಳು ಬ್ಯಾಗಿನಿಂದ ಪೆನ್ನು ತೆಗೆದದ್ದು ಮಾತ್ರ ಮುಚ್ಚಿದ ಕಣ್ಣಿಗೂ ತಿಳಿಯಿತು.