ಒಮೊಯೆಯ ಇಪ್ಪತ್ತೊಂಬತ್ತು

ಒಮೊಯೆಯ ಕೈಯಿಂದ ನನಗೆ ಮೊದಲು ಸಿಕ್ಕಿದ್ದು ಅಕರಾ ಅಲ್ಲ, ಬೈಗುಳ. ನಮ್ಮ ಎಕ್ಪೋಮಾ ಊರಿನ ಬಸ್ ನಿಲ್ದಾಣದ ಎದುರು ಆಕೆ ದಿನಾ ಬೆಳಿಗ್ಗೆ ಅಲಸಂದೆ ರುಬ್ಬಿದ ಹಿಟ್ಟನ್ನು ಎಣ್ಣೆಗೆ ಬಿಟ್ಟು ಅಕರಾ ಕರಿಯುತ್ತಿದ್ದಳು. ಡ್ಯೂಟಿಗೆ ತಡವಾಗಿದ್ದ ನಾನು ಸಾಲು ತಪ್ಪಿಸಿ ಕೈ ಚಾಚಿದೆ.

“ಸಿಸ್ಟರ್, ನಿಮ್ಮ ಆಸ್ಪತ್ರೇಲಿ ನಾನು ಹಿಂಗೆ ಅಡ್ಡ ನುಗ್ಗಿದ್ರೆ ನಂಗೇ ಮೊದ್ಲು ಸೂಜಿ ಚುಚ್ತೀರಾ? ಹೋಗಿ, ಹಿಂದೆ ನಿಂತ್ಕೊಳಿ. ಅಕರಾಕ್ಕೇನು ಕಾಲಿಲ್ಲ, ಓಡಿಹೋಗಲ್ಲ.”

ಸಾಲಿನವರೆಲ್ಲ ನಕ್ಕರು. ನಾನೂ ನಕ್ಕು ಹಿಂದೆ ಹೋದೆ. ಅಂದಿನಿಂದ ಆರು ವರ್ಷ ಅವಳ ಕೈಯ ಅಕರಾ ತಿಂದೇ ನಾನು ಕೆಲಸಕ್ಕೆ ಹೋದದ್ದು.

ಅವಳ ಪೂರ್ತಿ ಹೆಸರು ಒಮೊಯೆಮೆನ್. ನಲವತ್ತು ದಾಟಿದ್ದಳು. ದಪ್ಪ ತೋಳು, ಮೊಳಕೈವರೆಗೆ ಹಿಟ್ಟು, ತಲೆಗೆ ಬಿಗಿಯಾಗಿ ಕಟ್ಟಿದ ಹಳದಿ ಬಟ್ಟೆ. ಕೈಗಿಂತ ಬಾಯಿ ಚುರುಕು. ಗಂಡ ಓಡಿಯಾ ಪಕ್ಕದಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲೂ ಎಂಟು “ಹೂಂ”. ಇಬ್ಬರ ಪಾಲಿನ ಮಾತನ್ನೂ ಅವಳೊಬ್ಬಳೇ ಆಡಿ ಮುಗಿಸುತ್ತಿದ್ದಳು.

ಆರನೆಯ ವರ್ಷದ ಜನವರಿಯಲ್ಲಿ ಧೂಳುಗಾಳಿ ಜೋರಾಗಿತ್ತು. ಪೊದೆಗಳಿಗೆ ಬೆಂಕಿ ಬಿದ್ದು ಹೊಲದ ಇಲಿಗಳೆಲ್ಲ ಮನೆಗಳಿಗೆ ಸೇರಿಕೊಂಡವು. ಒಮೊಯೆಯ ಮನೆಯಲ್ಲಿ ಅಲಸಂದೆ ಕಾಳು ಮುಚ್ಚಳವಿಲ್ಲದ ಬೋಗುಣಿಗಳಲ್ಲಿ ಇರುತ್ತಿತ್ತು. ಮೊದಲು ಜ್ವರ ಬಂತು. ಮಲೇರಿಯಾ ಎಂದುಕೊಂಡು ಔಷಧಿ ಅಂಗಡಿಯ ಮಾತ್ರೆ ನುಂಗಿ ಐದು ದಿನ ಕರಿಯುತ್ತಲೇ ಇದ್ದಳು. ಆರನೆಯ ದಿನ ಗಂಟಲು ಕಟ್ಟಿತು, ಮುಖ ಊದಿತು, ಒಸಡಿನಲ್ಲಿ ರಕ್ತ ಕಂಡಿತು. ಓಡಿಯಾ ಅವಳನ್ನು ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ಬಂದ. ಪರೀಕ್ಷೆಯಲ್ಲಿ ಇಲಿಗಳಿಂದ ಹರಡುವ ಲಾಸಾ ಜ್ವರ ಎಂದು ಬಂತು.

ನಮ್ಮ ಪ್ರತ್ಯೇಕ ವಾರ್ಡಿನೊಳಗೆ ಮನೆಯವರನ್ನು ಬಿಡುವುದಿಲ್ಲ. ಹೊರಗೆ ತಂತಿಬೇಲಿ, ಬೇಲಿಯಾಚೆ ಬೇವಿನ ಮರ. ಮನೆಯವರು ಅದರ ನೆರಳಲ್ಲಿ ಕೂತು ಕಿಟಕಿ ನೋಡಬೇಕು. ಒಳಗೆ ನಾವು ಮೈತುಂಬ ಪ್ಲಾಸ್ಟಿಕ್ ಉಡುಪು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಓಡಾಡುತ್ತೇವೆ. ಒಮೊಯೆ ನನ್ನನ್ನು ದನಿಯಿಂದಲೇ ಗುರುತು ಹಿಡಿದಳು.

“ಇದೇನ್ ಸಿಸ್ಟರ್, ಮಿಠಾಯಿ ಥರ ಸುತ್ತಿಕೊಂಡಿದೀರಲ್ಲ! ಯಾರಿಗೆ ಮಾರಕ್ಕೆ?”

ಆ ವಾರಕ್ಕೆ ಅದೇ ಅವಳ ಕೊನೆಯ ತಮಾಷೆ. ಮರುದಿನದಿಂದ ಮಾತು ಕಡಿಮೆಯಾಯಿತು, ಮೂರನೆಯ ದಿನ ನಿಂತೇಹೋಯಿತು. ರಕ್ತಸ್ರಾವಕ್ಕಿಂತ ಆ ಮೌನ ನನ್ನನ್ನು ಹೆಚ್ಚು ಹೆದರಿಸಿತು.

ನಮ್ಮ ಡಾಕ್ಟರ್ ಇರಾಬೊರ್ ಆ ವರ್ಷ ಒಂದು ಅಧ್ಯಯನ ಶುರು ಮಾಡಿದ್ದರು. ಒಪ್ಪಿದ ರೋಗಿಗಳ ರಕ್ತವನ್ನು ಮೂರು ದಿನಕ್ಕೊಮ್ಮೆ ತೆಗೆದು ಥೈರಾಯ್ಡ್ ಹಾರ್ಮೋನುಗಳನ್ನು ಅಳೆಯುತ್ತಿದ್ದರು. ಅದರಲ್ಲಿ ಟಿ3 ಎಂಬುದರ ಮೇಲೆ ಅವರ ಕಣ್ಣು. ಆರೋಗ್ಯವಂತರಲ್ಲಿ ಅದು ಎಂಬತ್ತರ ಮೇಲಿರುತ್ತದೆ. ವೈರಸ್ ಜ್ವರ ಜೋರಾದವರಲ್ಲಿ ಇಳಿಯುತ್ತದೆ. ಯಾರಲ್ಲಿ ಹೆಚ್ಚು ಇಳಿಯುತ್ತದೋ ಅವರ ಮೇಲೆ ಹೆಚ್ಚು ನಿಗಾ ಬೇಕು ಎನ್ನುವುದು ಅವರ ಗುಮಾನಿ.

ಬಂದ ದಿನ ಒಮೊಯೆಯದು ಐವತ್ತೆರಡು ಇತ್ತು. ನಾಲ್ಕನೆಯ ದಿನ ಇಪ್ಪತ್ತೊಂಬತ್ತು.

ಡಾಕ್ಟರ್ ಚೀಟಿಯನ್ನು ಎರಡು ಸಲ ಓದಿದರು. “ಸಿಸ್ಟರ್, ಇವರ ಮಂಚ ನಿಮ್ಮ ಮೇಜಿನ ಪಕ್ಕದ ಕಿಟಕಿ ಹತ್ರ ತಂದ್ಬಿಡಿ. ಅರ್ಧ ಗಂಟೆಗೊಂದ್ಸಲ ಬಿಪಿ ನೋಡಿ.”

ಮಂಚ ಎಳೆದೆವು. ಡಾಕ್ಟರ್ ಬೇಲಿಯ ಬಳಿ ಹೋಗಿ ಥೈರಾಯ್ಡ್ ಇಳಿದಿದೆ ಎಂದು ಮನೆಯವರಿಗೂ ಮುಚ್ಚುಮರೆಯಿಲ್ಲದೆ ಹೇಳಿದರು. ಓಡಿಯಾ “ಹೂಂ” ಎಂದ. ಅವನ ಪಕ್ಕದಲ್ಲಿದ್ದ ಒಮೊಯೆಯ ಅಕ್ಕ ಇಝೆಹಿ ಮಾತ್ರ ಕಿವಿ ನೆಟ್ಟಗೆ ಮಾಡಿದಳು. ಆಕೆಗೆ ಎಂಟು ವರ್ಷದಿಂದ ಥೈರಾಯ್ಡ್ ಕೊರತೆ, ದಿನಾ ಬೆಳಿಗ್ಗೆ ಒಂದು ಬಿಳಿ ಮಾತ್ರೆ. ಆ ಮಾತ್ರೆಯ ಬಗ್ಗೆ ಆಕೆಗೆ ದೇವರಲ್ಲಿ ಇರುವಷ್ಟೇ ನಂಬಿಕೆ.

ಮರುದಿನ ಇಝೆಹಿ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಮೊಯಿನ್ ಮೊಯಿನ್ ಕಳಿಸಿದಳು. ಅದೂ ಅಲಸಂದೆ ಹಿಟ್ಟಿನದೇ, ಮೆತ್ತಗಿರುತ್ತದೆ, ಗಂಟಲು ನೋವಿದ್ದವರಿಗೆ ಒಳ್ಳೆಯದು. ಒಮೊಯೆಗೆ ತಿನ್ನಿಸಲು ಚಮಚದಿಂದ ಮುರಿದೆ. ಏನೋ ಗಟ್ಟಿ ತಗುಲಿತು. ಕಲ್ಲು ಎಂದುಕೊಂಡೆ. ಕೆದಕಿ ನೋಡಿದರೆ ಮೂರು ಬಿಳಿ ಮಾತ್ರೆ, ಸಾಲಾಗಿ ಹೂತಿಟ್ಟದ್ದು!

ಡಾಕ್ಟರಿಗೆ ಹೇಳಿದೆ. ಅವರು ನೇರ ಬೇಲಿಗೆ ಹೋದರು.

“ಅಮ್ಮಾ, ಮೊಯಿನ್ ಮೊಯಿನ್‌ಗೆ ಮೊಟ್ಟೆ ಹಾಕೋದು ನೋಡಿದೀನಿ, ಮೀನು ಹಾಕೋದು ನೋಡಿದೀನಿ. ಇದ್ಯಾವ ಊರಿನ ಪದ್ಧತಿ?”

ಇಝೆಹಿ ಸೊಂಟಕ್ಕೆ ಕೈಯಿಟ್ಟಳು. “ನೀವೇ ಹೇಳಿದ್ರಲ್ಲಪ್ಪಾ ಥೈರಾಯ್ಡ್ ಇಳಿದಿದೆ ಅಂತ! ನಂಗೂ ಅದೇ ಕಾಯ್ಲೆ. ನಂಗೆ ಒಂದು ಮಾತ್ರೆ ಸಾಕು, ಅವಳು ನನಗಿಂತ ದಪ್ಪ, ಅದ್ಕೆ ಮೂರು ಹಾಕ್ದೆ. ನೀವು ಓದ್ತಾ ಕೂತಿರಿ, ನಮ್ಮ ಹುಡುಗಿ ಸಾಯ್ಲಾ?”

“ಅಕ್ಕಾ...” ಎಂದ ಓಡಿಯಾ, ನೆಲ ನೋಡುತ್ತ.

“ನೀನ್ ಸುಮ್ನಿರೋ, ಬಾಯಿದ್ದೂ ಮಾತಾಡ್ದೆ ಇದ್ದೋನು.”

ಡಾಕ್ಟರಿಗೆ ಸಿಟ್ಟು ಬರಲಿಲ್ಲ. ಬೇಲಿಯ ಈಚೆ ಕುಕ್ಕರುಗಾಲಲ್ಲಿ ಕೂತರು. “ಕೇಳಿ ಅಮ್ಮಾ. ನಿಮ್ಮ ಗಂಟಲಿನ ಗ್ರಂಥಿಗೇ ಕೆಲಸ ಆಗ್ತಿಲ್ಲ, ಅದ್ಕೆ ಹೊರಗಿಂದ ಮಾತ್ರೆ. ಇವರ ಗ್ರಂಥಿ ಗಟ್ಟಿಮುಟ್ಟಾಗಿದೆ. ಮೈಗೆ ಈಗ ಜ್ವರದ ಜೊತೆ ಹೊಡೆದಾಟ, ಅದ್ಕೆ ಬೇರೆ ಖರ್ಚೆಲ್ಲ ತಾನೇ ಕಮ್ಮಿ ಮಾಡ್ಕೊಂಡಿದೆ. ಒಲೆಯಿಂದ ಸೌದೆ ಹಿಂದಕ್ಕೆ ಎಳ್ಕೊಂಡಂಗೆ. ಈಗ ನೀವು ಹೋಗಿ ಸೌದೆ ತುರುಕಿದ್ರೆ ಹೃದಯ ಕುದುರೆ ಥರ ಓಡುತ್ತೆ, ತಡ್ಕೊಳಕ್ಕಾಗಲ್ಲ.”

“ಮತ್ತೆ ಆ ಅಳತೆ ಯಾಕೆ ತೆಗೀತೀರಿ, ಔಷಧಿ ಕೊಡದೇ ಇದ್ದ ಮೇಲೆ?”

“ಯಾರ ಪಕ್ಕ ಕೂರ್ಬೇಕು ಅಂತ ತಿಳ್ಕೊಳಕ್ಕೆ.”

ಇಝೆಹಿ ಸೋತೆ ಎನ್ನಲಿಲ್ಲ. “ಹಂಗಾದ್ರೆ ಸರಿಯಾಗಿ ಕೂತ್ಕೊಳಿ,” ಎಂದು ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡಳು.

ಕೂತೆವು. ಆರನೆಯ ದಿನ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ನಾನು ಮೇಜಿನಿಂದ ತಲೆಯೆತ್ತಿದಾಗ ಒಮೊಯೆಯ ಉಸಿರು ಬೇರೆಯಾಗಿತ್ತು. ಸಣ್ಣದು, ಬೇಗಬೇಗ. ಕೈ ತಣ್ಣಗೆ. ಬಿಪಿ ಕೆಳಗೆ ಬಿದ್ದಿತ್ತು. ವಾರ್ಡಿನ ಆ ತುದಿಯ ಹಳೆಯ ಮಂಚದಲ್ಲೇ ಇದ್ದಿದ್ದರೆ ನನಗೆ ಕಾಣುತ್ತಿರಲಿಲ್ಲ. ಡಾಕ್ಟರ್ ಓಡಿಬಂದರು. ಸಲೈನ್ ಬಾಟಲಿ, ಎರಡು ಚೀಲ ರಕ್ತ, ಆಮ್ಲಜನಕ. ಕತ್ತಲಾಗುವ ಮೊದಲೇ ನಾಡಿ ಕೈಗೆ ಸಿಕ್ಕಿತು. ಬೇಲಿಯಾಚೆ ಓಡಿಯಾ ನಿಂತಲ್ಲೇ ನಿಂತಿದ್ದ. ನಾನು ಕಿಟಕಿಯಿಂದ ಹೆಬ್ಬೆರಳು ಎತ್ತಿ ತೋರಿಸಿದಾಗ ಅವನು ಬೇವಿನ ಮರ ಹಿಡಿದುಕೊಂಡು ಮೆಲ್ಲಗೆ ಕೂತ.

ಏಳನೆಯ ದಿನ ಚೀಟಿಯಲ್ಲಿ ನಲವತ್ತೊಂದು ಎಂದಿತ್ತು. ಡಾಕ್ಟರ್ ಅದನ್ನು ಗೋಡೆಗೆ ಅಂಟಿಸಿದರು.

ಎಂಟನೆಯ ದಿನ ಓಡಿಯಾ ಏನೋ ಹಿಡಿದುಕೊಂಡು ಬೇಲಿಯ ಬಳಿ ಬಂದ. ಗಿರಾಕಿಗಳು ಕೈತಪ್ಪಬಾರದೆಂದು ಅಕರಾ ಕರಿಯಲು ಅವನೇ ಹೋಗಿದ್ದನಂತೆ. ಹಿಟ್ಟನ್ನು ಕೈಯಲ್ಲಿ ಚೆನ್ನಾಗಿ ಬಡಿದು ಗಾಳಿ ತುಂಬಬೇಕು, ಅದು ಅವನಿಗೆ ಗೊತ್ತಿರಲಿಲ್ಲ. ಎತ್ತಿ ತೋರಿಸಿದ್ದು ಚಪ್ಪಟೆಯಾಗಿ, ಕಪ್ಪಗೆ, ಸವೆದ ಚಪ್ಪಲಿಯ ಹಿಮ್ಮಡಿಯಂತಿತ್ತು. ಒಮೊಯೆ ತಲೆ ತಿರುಗಿಸಿ ಕಿಟಕಿಯಿಂದ ನೋಡಿದಳು. ತುಟಿ ಅಲುಗಿತು. ನಾನು ಬಗ್ಗಿ ಕಿವಿ ಕೊಟ್ಟೆ.

“ಅದನ್ನ... ಯಾರಾದ್ರೂ... ದುಡ್ಡು ಕೊಟ್ಟು ತಿಂದ್ರಾ?”

ನಾನು ಕಿಟಕಿ ತೆರೆದು ಅದನ್ನೇ ಕೂಗಿ ಕೇಳಿದೆ.

“ಇಬ್ರು ತಿಂದ್ರು,” ಎಂದ ಓಡಿಯಾ. “ಒಬ್ಬ ವಾಪಸ್ ತಂದ್ಕೊಟ್ಟ.”

ಒಮೊಯೆ ನಕ್ಕಳು. ನಕ್ಕಿದ್ದಕ್ಕೆ ಎದೆ ನೋವು ಬಂತು, ಆದರೂ ನಕ್ಕಳು. ಕನ್ನಡಕದೊಳಗೆ ನನ್ನ ಕಣ್ಣು ಮಂಜಾಯಿತು, ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

ಹತ್ತನೆಯ ದಿನ ಅರವತ್ತಾರು. ಎರಡು ವಾರಕ್ಕೆ ಮನೆಗೆ. ಒಂದು ತಿಂಗಳ ಮೇಲೆ ಪರೀಕ್ಷೆಗೆ ಬಂದಾಗ ನೂರಾ ಹತ್ತು, ಒಂದೇ ಒಂದು ಥೈರಾಯ್ಡ್ ಮಾತ್ರೆಯಿಲ್ಲದೆ. ಜ್ವರ ಅವಳ ಕೇಳುವ ಶಕ್ತಿಯನ್ನು ಮಾತ್ರ ಕಸಿದುಕೊಂಡು ಹೋಗಿತ್ತು. ಎಡಗಿವಿ ಪೂರ್ತಿ, ಬಲಗಿವಿ ಅರ್ಧ. ಮೊದಲ ವಾರ ಅದಕ್ಕಾಗಿ ಅತ್ತಳು. ಗಿರಾಕಿ ಐದು ಅಂದರೆ ಆರು ಹಾಕುತ್ತಿದ್ದಳು. ಆಮೇಲೆ ಬೆರಳಲ್ಲೇ ತೋರಿಸಿ ಎಂದು ಎಲ್ಲರಿಗೂ ಕಲಿಸಿದಳು. ಓಡಿಯಾನಿಗೆ ಮಾತ್ರ ಬೆರಳು ಸಾಲುತ್ತಿರಲಿಲ್ಲ. ಅವನು ಕೂಗಲೇಬೇಕಾಯಿತು.

“ಊಟಕ್ಕೆ ಬಾ!” ಎಂದು ಅವನು ಕೂಗಿದರೆ ಬಸ್ ನಿಲ್ದಾಣದ ಡ್ರೈವರುಗಳೆಲ್ಲ “ಬಂದ್ವಿ!” ಎನ್ನುತ್ತಿದ್ದರು.

“ನೋಡಿ ಸಿಸ್ಟರ್,” ಎಂದಳು ನನಗೆ, “ಇಪ್ಪತ್ತು ವರ್ಷ ಈ ಮನುಷ್ಯನ ದನಿ ನಂಗೊಬ್ಬಳಿಗೂ ಸರಿಯಾಗಿ ಕೇಳಿರ್ಲಿಲ್ಲ. ಈಗ ಎಕ್ಪೋಮಾಕ್ಕೆಲ್ಲ ಕೇಳುತ್ತೆ. ಮೊನ್ನೆ ನನ್ನ ತಲೆಕಟ್ಟು ಚೆನ್ನಾಗಿದೆ ಅಂದ. ಮಾಂಸದಂಗಡಿಯವನು ಹೌದು ಅಂತ ಒಪ್ಕೊಂಡ!”

ಅಧ್ಯಯನ ಮುಗಿದ ಮೇಲೆ ಡಾಕ್ಟರ್ ಬದುಕಿದವರನ್ನೂ ಎಲ್ಲ ರೋಗಿಗಳ ಮನೆಯವರನ್ನೂ ಕರೆದು ಸಣ್ಣ ಸಭೆ ಮಾಡಿದರು. ಗೋಡೆಯ ಮೇಲೆ ಒಂದು ನಕ್ಷೆ, ಅರವತ್ತೆರಡು ಜನಕ್ಕೆ ಅರವತ್ತೆರಡು ಚುಕ್ಕೆ. ಟಿ3 ಹೆಚ್ಚಿದ್ದವರು ಮೇಲೆ, ಇಳಿದವರು ಕೆಳಗೆ. ಬದುಕಿದವರು ಹಸಿರು, ತೀರಿಕೊಂಡವರು ಬೂದು.

ಒಮೊಯೆ ಎದ್ದು ನಿಂತಳು. “ಇದ್ರಲ್ಲಿ ನಾನ್ಯಾವಳು ಡಾಕ್ಟ್ರೇ?”

ಅವರು ತೀರ ಕೆಳಗೆ ಬೆರಳಿಟ್ಟರು. ಅಲ್ಲಿ ಆರು ಚುಕ್ಕೆಗಳಿದ್ದವು. ಐದು ಬೂದು, ಒಂದು ಹಸಿರು.

ಒಮೊಯೆ ಹತ್ತಿರ ಹೋಗಿ ನೋಡಿದಳು. ಬೂದು ಚುಕ್ಕೆಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿದಳು. “ಇವರ ಹೆಸರೇನು?”

“ಹೆಸರು ಹೇಳೋ ಹಾಗಿಲ್ಲ ಅಮ್ಮಾ.”

“ಸರಿ. ಹೆಸರು ಬೇಡ. ಒಳ್ಳೇ ಜನ ಇದ್ರು ಅಂತ ಅಂದ್ಕೋತೀನಿ.” ಡಾಕ್ಟರ್ ಕಡೆ ತಿರುಗಿದಳು. “ಅಂದ್ರೆ ಇಡೀ ಕ್ಲಾಸಿಗೆ ಕಮ್ಮಿ ಮಾರ್ಕು ತಗೊಂಡು ಪಾಸಾದೋಳು ನಾನೊಬ್ಳೇ?”

“ಒಬ್ಬರೇ.”

“ಮತ್ತೆ ಇಷ್ಟು ಸಣ್ಣ ಚುಕ್ಕೆ ಯಾಕಿಟ್ರಿ? ನನ್ನ ಮೈ ನೋಡಿ, ಚುಕ್ಕೆ ನೋಡಿ!”

ಸಭೆಯಲ್ಲಿ ನಗು ಚಿಮ್ಮಿತು. ತೀರಿಕೊಂಡವರ ಮನೆಯವರು ಕೂಡ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಹಿಂದಿನ ಸಾಲಿನಲ್ಲಿ ಇಝೆಹಿ ಎಲ್ಲರಿಗೂ ಕೇಳುವಂತೆ ಪಕ್ಕದವಳಿಗೆ ಪಿಸುಗುಟ್ಟುತ್ತಿದ್ದಳು: “ಒಂದು ಮಾತ್ರೆಯಾದ್ರೂ ಹೊಟ್ಟೆಗೆ ಹೋಗಿರುತ್ತೆ ಕಣೇ. ನಾನು ಮೂರಲ್ಲ, ನಾಲ್ಕು ಹಾಕಿದ್ದೆ.” ಡಾಕ್ಟರ್ ಅದನ್ನು ಕೇಳಿಸಿಕೊಂಡು ನನ್ನತ್ತ ನೋಡಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಆ ಮೊಯಿನ್ ಮೊಯಿನ್ ಅನ್ನು ಪುಡಿಪುಡಿ ಮಾಡಿ ನೋಡಿದ್ದು ನಾನೇ, ಇದ್ದದ್ದು ಮೂರೇ.

ಮರುವರ್ಷ ಧೂಳುಗಾಳಿ ಶುರುವಾದಾಗ ವಾರ್ಡು ಮತ್ತೆ ತುಂಬಿತು. ಒಬ್ಬ ಯುವ ಮೇಷ್ಟ್ರು ಟಿ3 ಅಳತೆಗೆ ರಕ್ತ ಕೊಡಲು ಒಪ್ಪಲಿಲ್ಲ, ಮಾರಿಕೊಳ್ಳುತ್ತೀರಿ ಎಂದು ಹಟ ಹಿಡಿದ. ಒಮೊಯೆಗೆ ಹೇಳಿ ಕಳಿಸಿದೆ. ಅವಳು ಅಂಗಡಿಯನ್ನು ಓಡಿಯಾನಿಗೆ ಒಪ್ಪಿಸಿ, ಹಿಟ್ಟಿನ ಕೈಯಲ್ಲೇ ಬೇಲಿಗೆ ಬಂದು ಕೂಗಿದಳು.

“ಮೇಷ್ಟ್ರೇ! ಒಂದು ಚಮಚ ರಕ್ತಕ್ಕೆ ಯಾರು ಏನ್ ಕೊಡ್ತಾರೆ? ನಂದು ಇಪ್ಪತ್ತೊಂಬತ್ತಕ್ಕೆ ಇಳಿದಿತ್ತು. ಆ ಚೀಟಿ ನೋಡೇ ಇವ್ರು ನನ್ನ ಮಂಚ ಎಳೆದು ಪಕ್ಕ ಹಾಕ್ಕೊಂಡಿದ್ದು. ಕೈ ಚಾಚಿ ಸುಮ್ನೆ!”

ಮೇಷ್ಟ್ರು ಕಿಟಕಿಯಿಂದ ಏನೋ ಹೇಳಿದ. ಒಮೊಯೆ ಬಲಗಿವಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದಳು. “ಏನಂತೆ?”

“ಇಪ್ಪತ್ತೊಂಬತ್ತಾ, ಸುಳ್ಳು ಅಂತಿದಾರೆ.”

“ಸುಳ್ಳಾ!” ಅವಳು ಬೇಲಿ ಅಲುಗಾಡಿಸಿದಳು. “ಸಿಸ್ಟರ್, ಆ ನಕ್ಷೆ ತಗೊಂಬನ್ನಿ!”

ನಾನು ನಕ್ಷೆ ತರಲು ಒಳಗೆ ಹೋದೆ. ಹಿಂದಿರುಗುವಷ್ಟರಲ್ಲಿ ಮೇಷ್ಟ್ರು ನಗುತ್ತ ಅಂಗಿಯ ತೋಳು ಮೇಲೆ ಮಡಚಿಕೊಂಡಿದ್ದ.