ಫಕೀರವ್ವನ ಎಂಬತ್ತಾರು ತಾಟು

ಶನಿವಾರದ ಮುಂಜಾನೆ ಶಾಲೆ. ಬೆಂಗೇರಿಯ ಅಂಚಿನ ಈ ಸರಕಾರಿ ಶಾಲೆಯ ಅಡುಗೆಮನೆಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ಫಕೀರವ್ವ ಆಗಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ಟೀಲಿನ ತಾಟುಗಳನ್ನು ಒರೆಸಿ ಹಲಗೆಯ ಮೇಲೆ ಜೋಡಿಸುತ್ತಿದ್ದಾರೆ. ಪ್ರತಿ ತಾಟಿನ ಅಂಚಿನಲ್ಲೂ ಒಂದೊಂದು ಮಗುವಿನ ಹೆಸರು ಕೊರೆದಿದೆ. ಅದರ ಮೇಲೆ ಬೆರಳಾಡಿಸಿ ಬಾಯ್ತುಂಬ ಓದುತ್ತಾರೆ: "ಶಾಜಿಯಾ... ಹುಲಗೇಶ... ಮಾಯಾ..." ಎಂಬತ್ತೈದಕ್ಕೆ ನಿಲ್ಲುತ್ತಾರೆ. ಶಾಲೆಯಲ್ಲಿ ಮಕ್ಕಳಿರುವುದು ಎಂಬತ್ತಾರು. "ಒಂದ್ ತಾಟ ಹೊರಗೈತ್ರಿ. ಹತ್ತೊಂಬತ್ತ ದಿನಾ ಆತು," ಎನ್ನುವಷ್ಟರಲ್ಲಿ ಹಾಲು ಉಕ್ಕುತ್ತದೆ, ಒಲೆಯತ್ತ ಓಡುತ್ತಾರೆ.

ನಲವತ್ತೆಂಟು ವರ್ಷದ ಫಕೀರವ್ವ ಇಲ್ಲಿ ಬಿಸಿಯೂಟ ಬೇಯಿಸಲು ಸೇರಿ ಹನ್ನೊಂದು ವರ್ಷ. ದಿನಕ್ಕೆ ಹತ್ತು ಕಿಲೋ ಅಕ್ಕಿ, ಒಂದು ಹಂಡೆ ಸಾರು, ಎಂಬತ್ತಾರು ಲೋಟ ಹಾಲು. ಮಕ್ಕಳಿಗೆಲ್ಲ ಆಕೆ 'ಆಯಿ'. ಊಟದ ಹೊತ್ತಿಗೆ ಹಲಗೆಯ ಮೇಲೆ ಯಾರ ತಾಟು ಉಳಿಯಿತೋ ಅವರು ಅಂದು ಗೈರು. ಹಾಜರಿ ಪುಸ್ತಕ ತೆರೆಯುವುದೇ ಬೇಡ. ಆ ತಾಟನ್ನು ಸಂಜೆ ಸೆರಗಿನಡಿ ಹಿಡಿದು ಮಗುವಿನ ಮನೆಗೆ ಹೋಗಿ, ಅಲ್ಲೇ ಬಿಟ್ಟು ಬರುತ್ತಾರೆ. ಶಾಲೆಯ ತಾಟು ಶಾಲೆಗೆ ಮರಳಬೇಕು, ಮರಳಿಸಲು ಮಗುವೇ ಬರಬೇಕು. ಈ ಕಾನೂನು ಯಾವ ಸುತ್ತೋಲೆಯಲ್ಲೂ ಇಲ್ಲ.

ಮೊದಲ ಸಲ ಭಾರೀ ಎಡವಟ್ಟಾಗಿತ್ತು. ಗೌಂಡಿ ಕೆಲಸದ ಮೈಲಾರಿಯ ಮನೆಗೆ, ಮಗನ ಹೆಸರಿನ ಬರೀ ತಾಟು ಹಿಡಿದು ಮುಸ್ಸಂಜೆಯಲ್ಲಿ ಹೋಗಿ ನಿಂತರು. ಮನೆಯ ಮುದುಕಿ ಬಾಗಿಲಲ್ಲೇ ತಡೆದಳು. "ದೀಪಾ ಹಚ್ಚೂ ಹೊತ್ತಿನ್ಯಾಗ ಖಾಲಿ ತಾಟ ಹಿಡಕೊಂಡು ಹುಡುಗನ ಹೆಸರ ಕರೀತಿಯಲ್ಲ, ಏನ್ ಕೆಡಕ ಮಾಡ್ಯಾನವಾ ಅವ ನಿನಗ?" ಫಕೀರವ್ವ ನಾಲಿಗೆ ಕಚ್ಚಿಕೊಂಡರು. ಮರುದಿನ ಅದೇ ತಾಟಿನಲ್ಲಿ ತಮ್ಮ ಮನೆಯ ಒಂದು ತುಂಡು ಬೆಲ್ಲ ಇಟ್ಟು ಹೋದರು. ಈಗ ಪೇಚಿಗೆ ಸಿಕ್ಕಿದ್ದು ಆ ಮುದುಕಿ. ಏನಾದರೂ ಇಟ್ಟು ಕೊಟ್ಟ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡುವ ಮನೆ ಈ ಸೀಮೆಯಲ್ಲಿ ಎಲ್ಲಿದೆ? ಬೆಳಗಾಗುತ್ತಲೇ ಹುಡುಗ ತಾಟಿನಲ್ಲಿ ಒಂದು ಹಿಡಿ ಶೇಂಗಾ ಹಾಕಿಕೊಂಡು ಹಾಜರಾದ.

ಅಂದಿನಿಂದ ಬೆಲ್ಲ ಹೋಗುತ್ತದೆ, ಕರಿಬೇವು ಬರುತ್ತದೆ, ನಾಲ್ಕು ಹಸಿಮೆಣಸಿನಕಾಯಿ ಬರುತ್ತವೆ, ಒಮ್ಮೆ ಬರೀ ಒಂದು ಲಿಂಬೆಹಣ್ಣು ಉರುಳಾಡುತ್ತ ಬಂದಿತ್ತು. "ಏನರ ಬರ್ಲಿ ಬಿಡ್ಲಿ, ಅದನ್ನ ಹಿಡಕೊಂಡ ಬರಾಂವ ಬರಬೇಕ್ರಿ," ಎಂದು ಫಕೀರವ್ವ ನಗುತ್ತಾರೆ. ಅವರದು ಒಂದೇ ಆಸೆ. "ಒಂದ ದಿನಾ, ಒಂದ ಒಂದ ದಿನಾ, ಹಲಗಿ ಮ್ಯಾಲೆ ಒಂದೂ ತಾಟ ಉಳೀಬಾರದು. ಎಂಟ ವರ್ಷದಿಂದ ಕಾಯಾಕತ್ತೇನಿ."

ಉಪ್ಪಿನಬೆಟಗೇರಿಯಲ್ಲಿ ಹುಟ್ಟಿದ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಮ್ಮಂದಿರನ್ನು ಕಂಕುಳಲ್ಲಿ ಹೊತ್ತೇ ಬಾಲ್ಯ ಕಳೆಯಿತು. ದುರ್ಗದಬೈಲ್‌ನಲ್ಲಿ ಪಾತ್ರೆ ಅಂಗಡಿ ಇಟ್ಟಿರುವ, ಇದೇ ಶಾಲೆಯಲ್ಲಿ ಕಲಿತ ಇಕ್ಬಾಲ ಎಂಟು ವರ್ಷದಿಂದ ಇಲ್ಲಿನ ಪ್ರತಿ ಮಗುವಿಗೂ, ಹೊಸದಾಗಿ ಸೇರುವವರಿಗೂ, ಹೆಸರು ಕೊರೆಸಿ ತಾಟು ಕೊಡುತ್ತಿದ್ದಾರೆ. ಆ ಹೆಸರುಗಳೇ ಫಕೀರವ್ವನ ಅಂಕಲಿಪಿಯಾದವು. "ಎಲ್ಲಾ ಹೆಸರ ಕೂಡಿಸಿ ಓದಿದೆ. 'ದ್ರಾಕ್ಷಾಯಿಣಿ' ಅನ್ನೂದಕ್ಕ ಮಾತ್ರ ಹದಿನೈದ ದಿನಾ ಹಿಡೀತ ನೋಡ್ರಿ!"

ಹೊರಗುಳಿದದ್ದು ಅದೇ ದ್ರಾಕ್ಷಾಯಿಣಿಯ ತಾಟು. ಆರನೇ ತರಗತಿಯ ಹುಡುಗಿ. ತಾಯಿ ಶಿವಲಿಂಗವ್ವ ನಸುಕಿನಲ್ಲೇ ಸೊಪ್ಪಿನ ಬುಟ್ಟಿ ಹೊತ್ತು ಹೋದರೆ ಮೂರು ವರ್ಷದ ತಮ್ಮನಿಗೆ ಅಕ್ಕನೇ ಗತಿ. ಫಕೀರವ್ವ ಐದು ಸಲ ಹೋಗಿ ಬಂದಿದ್ದಾರೆ. "ತಾಟ ಕಳಿಸಬೇಕಂತ ನನಗೂ ಐತಿ ಯಕ್ಕಾ. ಇವನ್ನ ಯಾರ ಕೈಯಾಗ ಕೊಡ್ಲಿ?" ಎಂಬ ಶಿವಲಿಂಗವ್ವನ ಮಾತಿಗೆ ಬೆಲ್ಲದಲ್ಲಿ ಉತ್ತರವಿರಲಿಲ್ಲ.

ಮುಖ್ಯಶಿಕ್ಷಕಿ ಸಂಘಮಿತ್ರಾ ಅವರಿಗೂ ಅದೇ ಚಿಂತೆ. "ಸಾಲಿ ಯಾರೂ ಒಮ್ಮೆಲೇ ಬಿಡೂದಿಲ್ರಿ. ಇವತ್ತ ತಪ್ಪಿಸಿದ್ರ ನಾಳಿ ಲೆಕ್ಕ ತಿಳಿಯೂದಿಲ್ಲ. ತಿಳೀಲಿಲ್ಲಂತ ನಾಚಿ ಮತ್ತೊಂದ ದಿನಾ ತಪ್ಪಿಸ್ತಾರ. ಹಂಗ ಸ್ವಲ್ಪ ಸ್ವಲ್ಪ ಬಿಟ್ಟು ಹೋಗ್ತಾರ." ಅದಕ್ಕೇ ಇಲ್ಲಿ ತಪ್ಪಿಸಿ ಬಂದ ಮಗುವನ್ನು ಯಾರೂ ಗದರುವುದಿಲ್ಲ. ಪಕ್ಕದಲ್ಲಿ ಕೂಡುವ ಗೆಳತಿ ಅರ್ಧ ಗಂಟೆ ಕೂತು, ತಪ್ಪಿದ ಪಾಠ ಹೇಳಿಕೊಡುತ್ತಾಳೆ. ತಮ್ಮನ ವಿಷಯ ಕೇಳಿದ್ದೇ ಸಂಘಮಿತ್ರಾ ಶಾಲೆಯ ಆವರಣದ ಅಂಗನವಾಡಿಯಲ್ಲಿ ಮಾತಾಡಿದರು. ಬೆಳಿಗ್ಗೆ ಅದು ತೆರೆಯುವ ತನಕ ಹುಡುಗ ಮುಖ್ಯಶಿಕ್ಷಕಿಯ ಕೋಣೆಯಲ್ಲೇ ಇರಲಿ ಎಂದರು. ನಿನ್ನೆ ಸಂಜೆ ಇಬ್ಬರೂ ಹೋಗಿ ಹೇಳಿಯೂ ಬಂದಿದ್ದಾರೆ. ಶಿವಲಿಂಗವ್ವ ಸೊಪ್ಪಿನ ಕಟ್ಟು ಕಟ್ಟುತ್ತಲೇ "ನೋಡೂಣು ಯಕ್ಕಾ" ಅಂದಿದ್ದರು.

ಈಗ ಹಾಲು ಆರುತ್ತಿದೆ. ಫಕೀರವ್ವನ ಕಣ್ಣು ಗೇಟಿನ ಮೇಲೆಯೇ. ಅಲ್ಲಿ ಬಂದಳು ನೋಡಿ ದ್ರಾಕ್ಷಾಯಿಣಿ! ಒಂದು ಕಂಕುಳಲ್ಲಿ ತಮ್ಮ, ಇನ್ನೊಂದು ಕೈಯಲ್ಲಿ ತಾಟು, ತಾಟಿನ ತುಂಬ ಹಸಿ ಹಸಿ ಮೆಂತ್ಯದ ಸೊಪ್ಪು. ಫಕೀರವ್ವ ಸೌಟು ಹಿಡಿದೇ ಓಡುತ್ತಾರೆ.

"ತಡಾ ಆತೇನ ಆಯಿ?" ಹುಡುಗಿ ಅಂಜುತ್ತ ಕೇಳುತ್ತಾಳೆ.

"ಇಲ್ಲವಾ ನನ್ನವ್ವ, ಇನ್ನಾ ಗಂಟೀನ ಹೊಡದಿಲ್ಲ."

ಊಟದ ಹೊತ್ತಿಗೆ ತಾಟುಗಳು ಒಂದೊಂದಾಗಿ ಇಳಿಯುತ್ತವೆ. ಎಂಬತ್ತು, ಎಂಬತ್ತೊಂದು... ಮಕ್ಕಳೂ ಸೇರಿ ಕೂಗಿ ಎಣಿಸುತ್ತಾರೆ. ಕೊನೆಯ ತಾಟು ಇಳಿದಾಗ ಚಪ್ಪಾಳೆಯೋ ಚಪ್ಪಾಳೆ. ಗ್ಯಾಸಿನ ಒಲೆಯ ಮುಂದೆ ನಿಂತು ಫಕೀರವ್ವ "ಹೊಗಿ ಬಂತ್ರಿ" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಸಂತೋಷಕ್ಕೆ ಅಳುವುದು ಅವರಿಗೆ ರೂಢಿಯಿಲ್ಲ ಪಾಪ.

ಪಾತ್ರೆ ತೊಳೆದಿಟ್ಟು ಅಂದು ನೆಟ್ಟಗೆ ಮನೆಗೆ ನಡೆಯುತ್ತಾರೆ. ಹೊತ್ತಿಗೆ ಮುಂಚೆ ಬಂದ ಹೆಂಡತಿಯನ್ನು ಕಂಡು ಹನುಮಂತಪ್ಪನಿಗೆ ಗಾಬರಿ. "ಯಾಕ, ಇಷ್ಟ ಲಗೂ ಬಂದಿ? ಮೈಯಾಗ ಆರಾಮಿಲ್ಲೇನು?"

"ಛಲೋ ಅದೇನಿ," ಎನ್ನುತ್ತ ಫಕೀರವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂಡುತ್ತಾರೆ. "ಇವತ್ತ ಯಾರ ಮನಿಗೂ ಹೋಗೂ ಕೆಲಸ ಇರಲಿಲ್ಲ. ಎಲ್ಲಾರೂ ಬಂದಿದ್ರು."