ಶಿಷ್ಯನ ಹಾಜರಿ ಪುಸ್ತಕದಲ್ಲಿ ಮಾಲಿಂಗನ ಸಹಿ

೨೦೨೩ನೆಯ ಇಸವಿ ಏಪ್ರಿಲ್ ೧೭, ಸೋಮವಾರ, ಚೈತ್ರ ಬಹುಳ ದ್ವಾದಶಿ. ಬೇಸಿಗೆ ಏರಿತ್ತು, ಗೋಕಾಕದಲ್ಲಿ ಮುಂಜಾನೆ ಹತ್ತಕ್ಕೇ ಅಂಗಡಿಯ ತಗಡಿನ ಬಾಗಿಲು ಮುಟ್ಟಲಾಗದಷ್ಟು ಕಾದಿತ್ತು, ಗಾಳಿಯ ಸುಳಿವಿರಲಿಲ್ಲ. ಅಂಥ ಹೊತ್ತಿನಲ್ಲಿ, ಏಸಿ ಕೂಡಿಸಿ ದುರಸ್ತಿ ಮಾಡಿ ಬದುಕುವ ಮಾಲಿಂಗನ ವಿದ್ಯುತ್ ಗುತ್ತಿಗೆಯ ಲೈಸನ್ಸಿನ ಅರ್ಜಿ ಮೂರನೆಯ ಸಲ ಅಂಚೆಯಲ್ಲಿ ಮರಳಿ ಬಂತು.

ಮೊದಲ ಸಲ ಭಾವಚಿತ್ರದ ಹಿನ್ನೆಲೆ ಬಿಳಿಯಿಲ್ಲವೆಂದು ಮರಳಿಸಿದ್ದರು. ಎರಡನೆಯ ಸಲ ಚಲನ್ ಮಸುಕಾಗಿದೆಯೆಂದು. ಈ ಸಲ ಬರೆದದ್ದು: ‘ಲೈಸನ್ಸುಳ್ಳ ಗುತ್ತಿಗೆದಾರರ ಕೈಕೆಳಗೆ ಎರಡು ವರ್ಷ ದುಡಿದ ಅನುಭವ ಪತ್ರ ಲಗತ್ತಿಸಿರುವುದಿಲ್ಲ.’ ಇದನ್ನು ಮೊದಲನೆಯ ಸಲವೇ ಹೇಳಲು ಆ ಕಚೇರಿಗೆ ಏನು ಅಡ್ಡಿಯಿತ್ತೋ ತಿಳಿಯದು.

ಮಾಲಿಂಗನಿಗೆ ಆಗ ಐವತ್ತೊಂದು. ೧೯೯೪ರ ಜೂನ್‌ನಿಂದ ಘಟಪ್ರಭಾದ ಶೆಟ್ಟೆಪ್ಪ ಮಿಸ್ತ್ರಿಯ ಬಳಿ ಒಂಬತ್ತು ವರ್ಷ ಕಲಿತವನು. ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿಗೂ ಹಿಡಿಯನ್ನು ಕಿವಿಗೂ ಆನಿಸಿ ಯಂತ್ರದ ರೋಗ ಹೇಳುವವನು. ಆದರೆ ಶೆಟ್ಟೆಪ್ಪನಿಗೇ ಲೈಸನ್ಸ್ ಇರಲಿಲ್ಲ; ೨೦೦೯ರಲ್ಲಿ ತೀರಿಯೂ ಹೋಗಿದ್ದ. ಇತ್ತ ಮೂಡಲಗಿಯ ಹೊಸ ಹೆರಿಗೆ ಆಸ್ಪತ್ರೆಯ ಆರು ಏಸಿಗಳ ಕೆಲಸ ಮಾಲಿಂಗನಿಗೆ ಒಪ್ಪಿತವಾಗಿತ್ತು. ಲೈಸನ್ಸುದಾರರ ಸಹಿಯಿಲ್ಲದೆ ವಿದ್ಯುತ್ ಸಂಪರ್ಕವಿಲ್ಲ. ಮೇ ೧ರೊಳಗೆ ಸಹಿ ತಾರದಿದ್ದರೆ ಬೇರೆಯವರಿಗೆ ಕೊಡುವುದಾಗಿ ಆಸ್ಪತ್ರೆಯ ಡಾಕ್ಟರ್ ರಾಜೇಶ್ವರಿ ಹೇಳಿದ್ದರು.

“ಊರ ಮಂದಿ ಮನಿ ಎಲ್ಲಾ ತಂಪ ಮಾಡಿದ್ರಿ, ನಿಮ್ಮ ತಲಿ ಒಂದ ಕಾದ ಉಳೀತು” ಎಂದಳು ಹೆಂಡತಿ ದ್ರಾಕ್ಷಾಯಿಣಿ. “ಹುಕ್ಕೇರಿಗೆ ಸ್ವಪ್ನಿಲ್‌ನ ಕಡೆ ಹೋಗ್ರಿ. ಅವಗ ಲೈಸನ್ಸ್ ಐತಿ.”

“ಅವಗ ಪಾನಾ ಹಿಡದ ನಟ್ಟ ಬಿಗಿಯಾಕ ಕಲಿಸಿದವ ನಾನು.”

“ಅದಕ್ಕ ಹೇಳಾಕತ್ತೇನಿ. ಬ್ಯಾರೆಯವರು ನಿಮ್ಮನ್ನ ಬಾಗಲದಾಗ ನಿಂದರಸ್ತಾರ.”

ಸ್ವಪ್ನಿಲ್ ೨೦೧೧ರಿಂದ ೨೦೧೫ರವರೆಗೆ ಮಾಲಿಂಗನ ಬಳಿ ಕಲಿತು, ಆಮೇಲೆ ಡಿಪ್ಲೊಮಾ ಓದಿ, ೨೦೧೯ರಲ್ಲಿ ಲೈಸನ್ಸ್ ಪಡೆದು ಹುಕ್ಕೇರಿಯಲ್ಲಿ ಅಂಗಡಿ ಇಟ್ಟಿದ್ದ. ಮರುದಿನ ಗುರುವನ್ನು ಕಂಡೊಡನೆ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. ಮಾಲಿಂಗ ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತು ಮರಳಿ ಬಂದ ಅರ್ಜಿಯನ್ನು ತೋರಿಸಿದ.

“ಇದರಾಗೇನೈತಿ ಕಾಕಾ? ಇಪ್ಪತ್ತೊಂದರ ಜನವರಿಯಿಂದ ಇಪ್ಪತ್ತೆರಡರ ಡಿಸೆಂಬರ್ ತನಕ ನನ್ನ ಕಡೆ ಹೆಲ್ಪರ್ ಇದ್ರಿ ಅಂತ ಬರದ ಸಿಕ್ಕಾ ಹೊಡೀತೇನಿ.”

“ಇಪ್ಪತ್ತೊಂದರಾಗ ಕಣಗಲಾದ ಲಾಡ್ಜಿನ ಏಸಿ ನೀರ ಸೋರಾಕತ್ತಾಗ ನನಗ ಫೋನ್ ಹಚ್ಚಿದವ ಯಾರಪಾ?”

“ನಾನ ರಿ.”

“ಹೆಂಗ ಮಾಡೂದು ಅಂತ ಮಾಲಕ ಹೆಲ್ಪರ್‌ನ ಕೇಳತಾನೇನು?”

ಸ್ವಪ್ನಿಲ್ ನಕ್ಕ. “ಕಾಗದಕ್ಕ ಅದೆಲ್ಲಾ ಗೊತ್ತಿರೂದಿಲ್ರಿ.”

“ನನಗ ಗೊತ್ತೈತಿ. ಆ ಎರಡ ವರ್ಷ ನನ್ನ ಅಂಗಡಿ ನಾ ನಡಿಸೇನಿ. ಅದನ್ನ ಅಳಿಸಿ ಲೈಸನ್ಸ್ ತಗೊಂಡ ಏನ್ ಮಾಡ್ಲಿ? ಖರೆ ತಾರೀಖ ಹಾಕು. ನಾಳಿಯಿಂದ ಬರತೇನಿ. ಮೂಡಲಗಿ ಕೆಲಸ ನಿನ್ನ ಹೆಸರಿಲೆ ಆಗಲಿ.”

“ಎರಡ ವರ್ಷ ನನ್ನ ಕೈಕೆಳಗ? ಮಂದಿ ನನ್ನ ಮಾರಿಗೆ ಉಗಳತಾರ್ರಿ.”

“ಉಗಳಿಸ್ಕೊ. ನಾ ದಿನಾ ಸಹಿ ಮಾಡತೇನಿ, ನೀ ದಿನಾ ಉಗಳಿಸ್ಕೊ.”

ಏಪ್ರಿಲ್ ೧೯, ಬುಧವಾರ, ಮಾಲಿಂಗ ಗೋಕಾಕದ ಅಂಗಡಿಗೆ ಬೀಗ ಹಾಕಿ ಮೊದಲ ಬಸ್ಸಿಗೆ ಹುಕ್ಕೇರಿಗೆ ಬಂದ. ಸ್ವಪ್ನಿಲ್ ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಒಳಗೆ ಹೋದವನು, ಸಹಿ ಮುಗಿಯುವ ತನಕ ಹೊರಗೆ ಬರಲಿಲ್ಲ. ‘ಸಹಾಯಕ’ ಎಂಬ ಅಂಕಣದಲ್ಲಿ ಮಾಲಿಂಗ ಒತ್ತಿ ಬರೆದ ಸಹಿ ಕೆಳಗಿನ ಹಾಳೆಯ ಮೇಲೂ ಮೂಡಿತು.

ಮೂಡಲಗಿಯ ಆರೂ ಏಸಿಗಳು ೨೦೨೩ರ ಜೂನ್ ೫ರಂದು ಸ್ವಪ್ನಿಲ್‌ನ ಹೆಸರಿನಲ್ಲಿ ಚಾಲೂ ಆದವು. ಎರಡು ವರ್ಷ ೨೦೨೫ರ ಏಪ್ರಿಲ್ ೧೮ಕ್ಕೆ ಪೂರ್ಣವಾದವು. ೨೧ರಂದು ಮಾಲಿಂಗ ಅರ್ಜಿ ಸಲ್ಲಿಸಿದ. ನಮೂನೆ ಬದಲಾಗಿದೆಯೆಂದು ಜುಲೈ ೯ರಂದು ಅದು ಮರಳಿತು. ಹೊಸ ನಮೂನೆಯಲ್ಲಿ ಜುಲೈ ೧೧ರಂದು ಮತ್ತೆ ಕೊಟ್ಟ. ಡಿಸೆಂಬರ್ ೪ರಂದು ಲೈಸನ್ಸ್ ಬಂತು. ಡಿಸೆಂಬರ್ ೮, ಸೋಮವಾರ, ಗೋಕಾಕದ ಅಂಗಡಿಯನ್ನು ಮತ್ತೆ ತೆರೆದ.